ಕೊಟ್ಟ ಕೌದಿ ಯಾರದು?

ಹೋದ ವರ್ಷ ಡಿಸೆಂಬರಿನ ಒಂದು ಶನಿವಾರ ನಮ್ಮ ಟೀಮಿನ ಗೆಳೆಯನೊಬ್ಬ ಮನೆಗೆ ಊಟಕ್ಕೆ ಕರೆದಿದ್ದ. ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟು, ಒಂಬತ್ತನೇ ಮಹಡಿ. ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದಾಗಲೇ ಅವರ ನಾಯಿ ಓಡಿಬಂದು ಕಾಲು ಮೂಸಿತು. ನನ್ನಲ್ಲಿ ವಿಶೇಷವೇನೂ ಇಲ್ಲ ಅಂತ ಖಾತ್ರಿಯಾದ ಮೇಲೆ ಬಾಲ್ಕನಿ ಹತ್ತಿರದ ತನ್ನ ಜಾಗಕ್ಕೆ ವಾಪಸ್ ಹೋಗಿ ಮಲಗಿತು. ಅದು ಮಲಗಿದ್ದು ಒಂದು ಪುಟ್ಟ ಕೌದಿಯ ಮೇಲೆ. ಆ ಕೌದಿ ಹೊಲಿದವನು ನಾನು.

ಎರಡು ವರ್ಷದ ಹಿಂದೆ ಅವರಿಗೆ ಮಗಳು ಹುಟ್ಟಿದಾಗ ಕೊಟ್ಟದ್ದು. ಈಗ ಅದರ ಒಂದು ಮೂಲೆಯನ್ನು ನಾಯಿ ಕಡಿದು ಕಡಿದು ನಾರು ಮಾಡಿತ್ತು. ಕೆಂಪು ಖಣದ ಒಂದು ತೇಪೆ ಅರ್ಧ ಕಿತ್ತು ಜೋತಾಡುತ್ತಿತ್ತು. ಗೆಳೆಯನ ಗಮನಕ್ಕೆ ಅದು ಬಂದ ಹಾಗೆ ಕಾಣಲಿಲ್ಲ, ನಾನೂ ಹೇಳಲಿಲ್ಲ. ನಕ್ಕೆ, ಹರಟೆ ಹೊಡೆದೆ, ಎರಡು ಸಲ ಅನ್ನ ಹಾಕಿಸಿಕೊಂಡೆ. ಸಿಟ್ಟು ಬಂದಿದ್ದು ವಾಪಸ್ ಬರುವಾಗ, ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ. ಅಲ್ಲಿ ಸಿಟ್ಟು ಬೆಳೆಸಿಕೊಳ್ಳೋಕೆ ಬೇಕಾದಷ್ಟು ಟೈಮ್ ಇರುತ್ತೆ ಅಂತ ನಿಮಗೂ ಗೊತ್ತು.

ಸಿಗ್ನಲ್ಲಿನಲ್ಲಿ ಕೂತು ನನ್ನನ್ನೇ ಕೇಳಿಕೊಂಡೆ. ಅದು ಅಂಗಡಿಯಿಂದ ತಂದ ಬ್ಲಾಂಕೆಟ್ ಆಗಿದ್ದರೆ ಸಿಟ್ಟು ಬರ್ತಿತ್ತಾ? ಇಲ್ಲ. ನಾಯಿ ಎಷ್ಟು ಮುದ್ದಾಗಿದೆ ಅಂತ ಫೋಟೋ ತೆಗೀತಿದ್ದೆ. ಹಾಗಾದರೆ ಕೈಯಾರೆ ಮಾಡಿದ್ದು ಅನ್ನುವ ಒಂದೇ ಕಾರಣಕ್ಕೆ, ಕೊಟ್ಟ ಮೇಲೂ ಆ ವಸ್ತುವಿನ ಮೇಲೆ ನನಗೆ ಏನಾದರೂ ಅಧಿಕಾರ ಉಳಿದಿರುತ್ತಾ? ಕೊಟ್ಟ ಕೌದಿ ಯಾರದು?

ಉತ್ತರ ಕರ್ನಾಟಕದವರಿಗೆ ಕೌದಿ ಅಂದರೆ ಏನು ಅಂತ ಹೇಳಬೇಕಿಲ್ಲ. ಉಳಿದವರಿಗೆ ಎರಡು ಮಾತು. ಉಟ್ಟು ಉಟ್ಟು ಸವೆದ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಎಲ್ಲ ಪದರಗಳಿಗೂ ತಾಗುವ ಹಾಗೆ ಕೈಯಲ್ಲಿ ಸಾಲುಸಾಲಾಗಿ ಹೊಲಿದರೆ ಕೌದಿ. ಹಾಸಲಿಕ್ಕೂ ಬರುತ್ತೆ, ಹೊದೆಯಲಿಕ್ಕೂ ಬರುತ್ತೆ. ಇಂಥದ್ದು ನಮ್ಮಲ್ಲಷ್ಟೇ ಇಲ್ಲ. ಬಂಗಾಳದಲ್ಲಿ ಕಾಂಥಾ ಇದೆ, ಬಿಹಾರದಲ್ಲಿ ಸುಜನಿ ಇದೆ. ಬಡತನ, ಚಳಿ ಮತ್ತು ಹಳೇ ಬಟ್ಟೆ ಮೂರೂ ಸೇರಿದ ಕಡೆಯೆಲ್ಲ ಹೆಂಗಸರು ಇದೇ ದಾರಿ ಹುಡುಕಿಕೊಂಡ ಹಾಗಿದೆ.

ನಾನು ಹೊಲಿಯೋದು ಕಲಿತದ್ದು ಆಕಸ್ಮಿಕ. 2020ರ ಯುಗಾದಿಗೆ ಅಂತ ಗದಗ ಜಿಲ್ಲೆಯ ನಮ್ಮ ಹಳ್ಳಿಗೆ ಹೋಗಿದ್ದೆ. ಹಬ್ಬದ ದಿನವೇ, ಅಂದರೆ ಮಾರ್ಚ್ 25ಕ್ಕೆ, ದೇಶಕ್ಕೆ ದೇಶವೇ ಲಾಕ್‌ಡೌನ್ ಆಯ್ತು. ನಾಲ್ಕು ದಿನಕ್ಕೆಂದು ಹೋದವನು ಏಳು ತಿಂಗಳು ಇದ್ದೆ. ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿಕೊಂಡು ಪಡಸಾಲೆಯಲ್ಲಿ ಕೂತು ಕೆಲಸ ಮಾಡುತ್ತಿದ್ದೆ. ಎದುರಿಗೆ ಅವ್ವ ಕೌದಿ ಹೊಲಿಯುತ್ತಿದ್ದಳು. ನಾನು ಮ್ಯೂಟ್ ಹಾಕಿ ಸುಮ್ಮನೆ ಕೂತಿರಬೇಕಾದ ಮೀಟಿಂಗುಗಳು ಬಹಳ ಇರುತ್ತಿದ್ದವು. ಒಂದು ದಿನ ಅವ್ವ ಸೂಜಿಗೆ ದಾರ ಪೋಣಿಸಿಕೊಡು ಅಂದಳು, ಕಣ್ಣು ಮಂಜಾಗಿದ್ದವು. ಪೋಣಿಸಿಕೊಟ್ಟವನು ಸುಮ್ನೆ ನಾಲ್ಕು ಹೊಲಿಗೆ ಹಾಕಿ ನೋಡಿದೆ. ಅವ್ವ ನೋಡಿ ನಕ್ಕು, ಅಷ್ಟನ್ನೂ ಬಿಚ್ಚಿದಳು.

ಕೌದಿ ಹೊಲಿಯೋದು ನೋಡೋಕೆ ಸುಲಭ. ಒಂದು ಸಲ ಮೇಲೆ, ಒಂದು ಸಲ ಕೆಳಗೆ, ಅಷ್ಟೇ. ಆದರೆ ದಾರ ಒಂದು ಮಾರಿಗಿಂತ ಉದ್ದ ತಗೊಂಡರೆ ಗಂಟು ಬೀಳುತ್ತೆ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿನ ಕಡೆ ಹೋಗಬೇಕು, ಪ್ರತಿ ಸುತ್ತಿಗೂ ಅಂಗೈಯಲ್ಲಿ ಸವರಿ ಬಟ್ಟೆ ಸಮ ಮಾಡಿಕೊಳ್ಳಬೇಕು. ಸವರದಿದ್ದರೆ ನಡುವೆ ಉಬ್ಬು ನಿಲ್ಲುತ್ತೆ. ನನ್ನ ಮೊದಲ ತುಂಡಿನಲ್ಲಿ ಒಂದು ಲಿಂಬೆಹಣ್ಣು ಬಚ್ಚಿಟ್ಟ ಹಾಗೆ ಉಬ್ಬಿತ್ತು. ಒಂದೂವರೆ ಅಡಿ ಚೌಕದ ಆ ಸೊಟ್ಟ ತುಂಡನ್ನು ಅವ್ವನಿಗೇ ಕೊಟ್ಟೆ, ಒಲೆ ಮುಂದೆ ಕೂರೋಕೆ ಆಗುತ್ತೆ ಅಂತ.

ಬೆಂಗಳೂರಿಗೆ ವಾಪಸ್ ಬಂದ ಮೇಲೂ ಬಿಡಲಿಲ್ಲ. ಪೂರ್ತಿ ಕೌದಿ ಹೊಲಿಯುವಷ್ಟು ಜಾಗವೂ ಇಲ್ಲ, ತಾಳ್ಮೆಯೂ ಇಲ್ಲ. ಹಾಗಾಗಿ ಸಣ್ಣಪುಟ್ಟವು. ಬಿಸಿ ಪಾತ್ರೆ ಇಳಿಸೋಕೆ ದಪ್ಪನೆಯ ಚೌಕ, ಊಟದ ಟೇಬಲ್ಲಿಗೆ ಮ್ಯಾಟು, ಲ್ಯಾಪ್‌ಟಾಪಿಗೆ ಚೀಲ. ನಮ್ಮೂರ ಮುದುಕರು ಎಲೆ ಅಡಿಕೆ ಇಟ್ಟುಕೊಳ್ಳುವ ಚಂಚಿ ಇದೆಯಲ್ಲ, ಅದೇ ಮಾದರಿಯಲ್ಲಿ ಚಾರ್ಜರ್, ಇಯರ್‌ಫೋನ್ ಇಡೋಕೆ ಚಂಚಿ. ತಪ್ಪು ಮಾಡಿ ಮಾಡಿ ಕಲಿತೆ. ಪಾಲಿಯೆಸ್ಟರ್ ಸೀರೆ ಸೇರಿಸಿ ಬಿಸಿ ಪಾತ್ರೆಗೆ ಹೊಲಿದ ಚೌಕ ಮೊದಲ ದಿನವೇ ಕರಗಿ ಕುಕ್ಕರಿನ ತಳಕ್ಕೆ ಅಂಟಿತು. ಅದಕ್ಕೆ ಹತ್ತಿಯೇ ಆಗಬೇಕು. ಕೂಸಿಗೆ ಹೊಲಿಯುವುದಾದರೆ ಹಳೇ ಹತ್ತಿಯೇ ಆಗಬೇಕು. ಹೊಸ ಬಟ್ಟೆಯ ಗಂಜಿ, ಬಿರುಸು ಎಲ್ಲ ಹೋಗಿ ನೂರಾರು ಸಲ ಒಗೆದು ಮೆತ್ತಗಾದದ್ದು. ಈಗ ಅವ್ವ ಉಡೋದೂ ಪಾಲಿಯೆಸ್ಟರ್ ಸೀರೆಗಳನ್ನೇ. ಒಗೆಯೋಕೆ ಹಗುರ, ಬೇಗ ಒಣಗುತ್ತವೆ. ಹಾಗಾಗಿ ಟ್ರಂಕಿನಲ್ಲಿರುವ ಹತ್ತಿ ಸೀರೆಗಳು ಲೆಕ್ಕದವು. ಅವು ಮುಗಿದರೆ ಮುಗಿದವು.

ಗೆಳೆಯನ ಮಗಳ ಕೌದಿಗೆ ಅಂಥ ಎರಡು ಸೀರೆ ಹಾಕಿದ್ದೆ. ಮೂರು ಅಡಿ ಉದ್ದ, ಎರಡೂವರೆ ಅಡಿ ಅಗಲ, ನಾಲ್ಕು ಪದರ. ಮೇಲೆ ಅವ್ವನ ಕುಪ್ಪಸದ ಖಣದ ತುಂಡುಗಳು. ಎಂಜಿನಿಯರ್ ಬುದ್ಧಿ ನೋಡಿ, ಲೆಕ್ಕವನ್ನೂ ಹಾಕಿದ್ದೆ. ಸಾಲಿನಿಂದ ಸಾಲಿಗೆ ಒಂದೂವರೆ ಸೆಂಟಿಮೀಟರ್ ಅಂದರೆ ಸುಮಾರು 45 ಮೀಟರ್ ಹೊಲಿಗೆ. ಸೆಂಟಿಮೀಟರಿಗೆ ಒಂದರಂತೆ ಸುಮಾರು 4,500 ಹೊಲಿಗೆ. ಇಪ್ಪತ್ಮೂರು ಸಂಜೆ. ಕೊನೆಗೆ ಒಂದು ಮೂಲೆಯಲ್ಲಿ ಹಳದಿ ದಾರದಲ್ಲಿ ನನ್ನ ಹೆಸರಿನ ಮೊದಲ ಅಕ್ಷರ. ನಾಯಿ ಕಡಿದಿದ್ದು ಅದೇ ಮೂಲೆ.

ಈಗ ಸಿಟ್ಟಿನ ವಿಷಯಕ್ಕೆ ಬರೋಣ. ಮೊದಲು ಅನಿಸಿದ್ದು, ಅವನಿಗೆ ಬೆಲೆ ಗೊತ್ತಿಲ್ಲ ಅಂತ. ಆದರೆ ಯಾವ ಬೆಲೆ? 2012ರಲ್ಲಿ ಮೈಕೆಲ್ ನಾರ್ಟನ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಅಧ್ಯಯನ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಅದಕ್ಕೆ ಐಕಿಯ ಎಫೆಕ್ಟ್ ಅಂತ ಹೆಸರು. ಜನರಿಂದ ಕಾಗದದ ಒರಿಗಾಮಿ ಮಾಡಿಸಿ, ಅದಕ್ಕೆ ಎಷ್ಟು ಕೊಡುತ್ತೀರಿ ಅಂತ ಕೇಳಿದರು. ಮಾಡಿದವರು ತಮ್ಮ ಸೊಟ್ಟ ಕೊಕ್ಕರೆಗೆ ಪರಿಣತರು ಮಾಡಿದ ಕೊಕ್ಕರೆಗೆ ಹತ್ತಿರ ಹತ್ತಿರ ಬೆಲೆ ಕಟ್ಟಿದರು. ಮಾಡದೇ ಇದ್ದವರ ಕಣ್ಣಿಗೆ ಅದೇ ಕೊಕ್ಕರೆ ಮುದುಡಿದ ಕಾಗದದ ಹಾಗೆ ಕಂಡಿತು. ಅಂದರೆ ನನ್ನ 4,500 ಹೊಲಿಗೆ ನನಗೆ ಮಾತ್ರ ಕಾಣುತ್ತವೆ. ಗೆಳೆಯನಿಗೆ ಕಾಣೋದು ಒಂದು ಬಟ್ಟೆ. ಅವನಿಗೆ ಕಾಣಿಸದ್ದಕ್ಕೆ ಅವನು ಕೃತಜ್ಞನಾಗಿರಬೇಕು ಅಂತ ನಾನು ಬಯಸಿದರೆ ತಪ್ಪು ಯಾರದು?

ಇನ್ನೊಂದು ಮುಜುಗರದ ಸತ್ಯವೂ ಇದೆ. ನಾನು ಕೌದಿ ಹೊಲಿಯುತ್ತೇನೆ ಅಂತ ಗೊತ್ತಾದಾಗಿನಿಂದ ಆಫೀಸಿನಲ್ಲಿ ನನಗೊಂದು ಚಿಕ್ಕ ಕೀರ್ತಿ ಬಂದಿದೆ. "ವಾವ್, ನೀನೇ ಮಾಡಿದ್ಯಾ?" ಅಂತಾರೆ. ಅವ್ವ ನಲವತ್ತು ವರ್ಷ ಹೊಲಿದಿದ್ದಾಳೆ, ಯಾರೂ ಅವಳಿಗೆ ವಾವ್ ಅಂದಿಲ್ಲ. ನಾನಂತೂ ಅಂದಿಲ್ಲ. ಅವಳು ಹೊಲಿದರೆ ಮನೆಗೆಲಸ, ನಾನು ಹೊಲಿದರೆ ಹವ್ಯಾಸ. ಆ ಹೊಗಳಿಕೆಯ ರುಚಿ ಹತ್ತಿದ ಮೇಲೆ ಕೊಟ್ಟ ಪ್ರತಿಯೊಂದರ ಲೆಕ್ಕವೂ ಮನಸ್ಸಿನಲ್ಲಿ ಓಡುತ್ತಿತ್ತು. ಯಾರ ಟೇಬಲ್ಲಿನ ಮೇಲೆ ನನ್ನ ಮ್ಯಾಟ್ ಇದೆ, ಯಾರು ಚಂಚಿ ಬಳಸುತ್ತಿದ್ದಾರೆ, ಯಾರು ಥ್ಯಾಂಕ್ಸ್ ಹೇಳಿ ಮೂಲೆಗೆ ಹಾಕಿದ್ದಾರೆ. ತಲೆಯೊಳಗೊಂದು ಡ್ಯಾಶ್‌ಬೋರ್ಡು.

ಲೆಕ್ಕ ಇಡುವ ಉಡುಗೊರೆ ನಮಗೆ ಹೊಸದಲ್ಲ. ಮದುವೆಯಲ್ಲಿ ಮುಯ್ಯಿ ಬರೆಸುತ್ತಾರಲ್ಲ, ಅದು ಶುದ್ಧ ಲೆಕ್ಕ. ಅವರು 501 ಹಾಕಿದ್ದರೆ ನಾವೂ ಅವರ ಮನೆಯ ಮದುವೆಗೆ ಅದಕ್ಕೆ ಕಡಿಮೆ ಇಲ್ಲದಂತೆ ಹಾಕಬೇಕು, ನೋಟ್‌ಬುಕ್ ತೆಗೆದು ನೋಡಿಯೇ ಹಾಕುತ್ತಾರೆ. ನಮ್ಮ ಕಡೆ ಬಟ್ಟೆ ಕೊಡುವ ಆಯೇರಿಯೂ ಹಾಗೇ. ಆಯೇರಿಯಲ್ಲಿ ಬಂದ ಖಣವನ್ನು ಯಾರೂ ಹೊಲಿಸಿಕೊಳ್ಳುವುದಿಲ್ಲ. ಅದು ಮನೆಯಿಂದ ಮನೆಗೆ ತಿರುಗಿ ತಿರುಗಿ, ಮಡಿಕೆ ಬಿಚ್ಚದೇ, ಒಂದು ದಿನ ಮೊದಲು ಕೊಟ್ಟವಳ ಮಡಿಲಿಗೇ ಬಂದು ಬಿದ್ದದ್ದೂ ಉಂಟು! ಫ್ರಾನ್ಸಿನ ಮಾರ್ಸೆಲ್ ಮೌಸ್ 1925ರಲ್ಲಿ ಉಡುಗೊರೆಯ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಹೇಳುವುದೂ ಇದನ್ನೇ. ಕೊಡಬೇಕು, ಕೊಟ್ಟದ್ದನ್ನು ತಗೊಳ್ಳಬೇಕು, ತಗೊಂಡಿದ್ದಕ್ಕೆ ತಿರುಗಿ ಕೊಡಬೇಕು. ಉಡುಗೊರೆ ಅಂದರೆ ಈ ಮೂರು ಕಟ್ಟುಪಾಡು. ಹೊರಗಿನಿಂದ ನೋಡೋಕೆ ಪ್ರೀತಿ, ಒಳಗೆ ಸಾಲ.

ಸಾಲ ಅಂದ ಕೂಡಲೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮುಯ್ಯಿಯಿಂದಲೇ ಎಷ್ಟೋ ಬಡವರ ಮನೆಯ ಮದುವೆಗಳು ನಡೆದಿವೆ. ಆದರೆ ಒಂದು ವಿಷಯ ನನಗೆ ಆ ಸಿಗ್ನಲ್ಲಿನಲ್ಲಿ ಹೊಳೆಯಿತು. ಯಾವ ಮನೆಯ ಆಯೇರಿ ಪಟ್ಟಿಯಲ್ಲೂ ನಾನು ಕೌದಿ ಬರೆದದ್ದನ್ನು ನೋಡಿಲ್ಲ. ಬಾಣಂತಿ ಮಗಳು ಕೂಸಿನ ಜೊತೆ ಗಂಡನ ಮನೆಗೆ ಹೊರಟಾಗ ತವರಿನವರು ತೊಟ್ಟಿಲು, ಬಟ್ಟೆ, ಬಂಗಾರ ಎಲ್ಲವನ್ನೂ ಹತ್ತು ಜನರಿಗೆ ಕಾಣುವ ಹಾಗೆ ಕೊಡುತ್ತಾರೆ. ಕೂಸಿನ ಕೌದಿ ಮಾತ್ರ ಚೀಲದ ತಳದಲ್ಲಿ ಹೋಗುತ್ತೆ. ಅದು ಹಳೇ ಬಟ್ಟೆ. ತೋರಿಸುವಂಥದ್ದೂ ಅಲ್ಲ, ಇನ್ನೊಬ್ಬರಿಗೆ ದಾಟಿಸುವಂಥದ್ದೂ ಅಲ್ಲ, ತಿರುಗಿ ಕೊಡುವಂಥದ್ದೂ ಅಲ್ಲ. ಶರಣರು ದಾನಕ್ಕೂ ದಾಸೋಹಕ್ಕೂ ಫರಕು ಮಾಡಿದರು. ದಾನದಲ್ಲಿ ಕೊಟ್ಟೆ ಅನ್ನುವ ನಾನು ಇರುತ್ತೇನೆ, ದಾಸೋಹದಲ್ಲಿ ಅದು ಇರಬಾರದು. ನಾನು ಕೌದಿಯ ಮೂಲೆಯಲ್ಲಿ ಹಳದಿ ದಾರದಲ್ಲಿ ಹೊಲಿದದ್ದು ಸರಿಯಾಗಿ ಆ ನಾನು ಅನ್ನುವುದನ್ನೇ.

ಇಷ್ಟೆಲ್ಲ ತತ್ವ ಹೊಳೆದರೂ ಸಿಟ್ಟು ಇಳಿದಿರಲಿಲ್ಲ. ಮನೆಗೆ ಬಂದು ಅವ್ವನಿಗೆ ಫೋನ್ ಮಾಡಿ ಹೇಳಿದೆ. ಅವಳೂ ಬೇಜಾರು ಮಾಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳ ಸೀರೆ ತಾನೇ!

ಅವ್ವ ನಕ್ಕಳು. "ನಾಯಿ ಮಕ್ಕೊಂಡ್ರ ಏನಾತು? ಅದಕ್ಕೂ ಥಂಡಿ ಆಕ್ಕೈತಿ."

"ಅಲ್ಲವ್ವಾ, ಕೂಸಿಗಂತ ಕೊಟ್ಟಿದ್ದು..."

"ಕೂಸು ದೊಡ್ಡದಾಗಿರ್ತೈತಿ. ಮತ್ತೇನ್ ಮಾಡ್ತಾರ ಅದನ್ನ, ದೇವರ ಮನ್ಯಾಗ ಇಡ್ತಾರೇನು? ಕೊಟ್ಟಿಂದ ಮುಗೀತು. ಹೊಳ್ಳಿ ನೋಡಬಾರ್ದು."

ಆಮೇಲೆ ಅವಳು ಹೇಳಿದ್ದು ನನಗೆ ಗೊತ್ತಿದ್ದದ್ದೇ, ಆದರೆ ಯಾವತ್ತೂ ಹಾಗೆ ಜೋಡಿಸಿ ನೋಡಿರಲಿಲ್ಲ. ಹೊಸ ಸೀರೆ ಮೊದಲು ಹಬ್ಬಕ್ಕೆ, ಆಮೇಲೆ ಸಂತೆಗೆ, ಆಮೇಲೆ ಹೊಲಕ್ಕೆ. ಹರಿದ ಮೇಲೆ ಕೌದಿ. ಕೌದಿ ಮೊದಲು ಬೀಗರು ಬಂದಾಗ ಹಾಸೋಕೆ, ಆಮೇಲೆ ಮನೆಯವರಿಗೆ, ಆಮೇಲೆ ಚಕ್ಕಡಿಗೆ, ಆಮೇಲೆ ಆಗ ತಾನೇ ಈದ ಆಕಳ ಕರುವಿಗೆ. ಕೊನೆಗೆ ಹರಿದ ತುಂಡು ಮಸಿ ಅರಿವೆ. ಒಲೆ ಮೇಲಿನ ಪಾತ್ರೆ ಇಳಿಸುತ್ತಾ ಇಳಿಸುತ್ತಾ ಕಪ್ಪಾಗಿ, ಒಂದು ದಿನ ಅದೇ ಒಲೆಯಲ್ಲಿ ಬೂದಿ. ಯಾವ ಹಂತದಲ್ಲೂ ಅದಕ್ಕೆ ಅವಮಾನ ಆಯ್ತು ಅಂತ ಯಾರೂ ಅಂದುಕೊಳ್ಳುವುದಿಲ್ಲ. ಅವ್ವನ ಲೆಕ್ಕದಲ್ಲಿ ನನ್ನ ಕೌದಿ ಸರಿಯಾದ ದಾರಿಯಲ್ಲೇ ಇದೆ. ಸ್ವಲ್ಪ ಬೇಗ ಕರುವಿನ ಹಂತಕ್ಕೆ ಬಂದಿದೆ, ಅಷ್ಟೇ.

ಅಲ್ಲಿಗೆ ಮಾತು ಮುಗಿದಿದ್ದರೆ ಈ ಬರಹವೂ ಮುಗಿಯುತ್ತಿತ್ತು. ಆದರೆ ಅವ್ವ ಕೇಳಿದಳು, "ನೀ ಒಯ್ದಿದ್ದ ಕೌದಿ ಈಗ ಎಲ್ಲೈತಿ?"

2010ರಲ್ಲಿ ಬಿಇ ಮುಗಿಸಿ ಕೆಲಸಕ್ಕೆಂದು ಬೆಂಗಳೂರಿಗೆ ಹೊರಟಾಗ ಅವ್ವ ಒಂದು ಕೌದಿ ಕೊಟ್ಟಿದ್ದಳು. ದೊಡ್ಡದು. ನಡುವೆ ನಮ್ಮ ಆಯಿಯ, ಅಂದರೆ ಅಪ್ಪನ ತಾಯಿಯ, ಇಳಕಲ್ ಸೀರೆ. ಆಯಿ ತೀರಿಕೊಂಡು ಆಗ ಒಂದು ವರ್ಷ ಆಗಿತ್ತು. ಪಿಜಿಯಲ್ಲಿ ನಾವು ಮೂವರು ಒಂದೇ ರೂಮು. ಉಳಿದಿಬ್ಬರ ಮಂಚದ ಮೇಲೆ ಮೆತ್ತನೆಯ ತಿಳಿ ಬಣ್ಣದ ಕಂಫರ್ಟರುಗಳು. ನಾನು ಕೌದಿಯನ್ನು ಸೂಟ್‌ಕೇಸಿನಿಂದ ಹೊರಗೇ ತೆಗೆಯಲಿಲ್ಲ. ಮೊದಲ ಸಂಬಳ ಬಂದ ವಾರ ನಾನೂ ಒಂದು ಕಂಫರ್ಟರ್ ತಂದೆ. ಅವ್ವ ಚಳಿಗಾಲದಲ್ಲಿ ಫೋನ್ ಮಾಡಿದಾಗೆಲ್ಲ ಕೇಳುತ್ತಿದ್ದಳು, "ಕೌದಿ ಹೊಚ್ಚಿಗೋತೀಯಿಲ್ಲೋ?" ನಾನು ಹೂಂ ಅನ್ನುತ್ತಿದ್ದೆ. 2012ರಲ್ಲಿ ಪಿಜಿ ಬದಲಿಸುವಾಗ ಸಾಮಾನು ಜಾಸ್ತಿಯಾಯ್ತು. ಕೌದಿಯನ್ನು ಅಲ್ಲಿನ ಕಪಾಟಿನ ಮೇಲೆ ಬಿಟ್ಟು ಬಂದೆ. ಮರೆತು ಬಿಟ್ಟು ಬಂದದ್ದಲ್ಲ, ನೋಡಿಯೇ ಬಿಟ್ಟು ಬಂದದ್ದು.

ಹತ್ತು ವರ್ಷದ ಮೇಲಾಯ್ತು. ಇನ್ನೊಂದು ಹೂಂ ಅಂದಿದ್ದರೆ ನಡೆದುಹೋಗುತ್ತಿತ್ತು. ಆದರೆ ಅಷ್ಟೊತ್ತು ಗೆಳೆಯನ ಮೇಲೆ ದೂರು ಹೇಳಿದ ಬಾಯಲ್ಲಿ ಹೂಂ ಬರಲಿಲ್ಲ. "ಪಿಜಿಯೊಳಗ ಬಿಟ್ಟು ಬಂದೆ ಅವ್ವಾ" ಅಂದೆ.

"ಮತ್ತ ಹೊಚ್ಚಿಗೋತೀನಿ ಅಂತಿದ್ದಿ?"

ನಾನು ಏನೂ ಹೇಳಲಿಲ್ಲ.

"ಅದ್ರಾಗ ನಿಮ್ಮ ಆಯಿ ಸೀರಿ ಇತ್ತು" ಅಂದಳು. ಸ್ವಲ್ಪ ಹೊತ್ತಾದ ಮೇಲೆ, "ಇರ್ಲಿ ಬಿಡು, ಯಾರರ ಹೊಚ್ಚಿಗೊಂಡಿರ್ತಾರ" ಅಂದಳು. ಆಮೇಲೆ ಕಡಲೆಗೆ ಹುಳ ಬಿದ್ದ ವಿಷಯ ತೆಗೆದಳು. ದಿನಾ ರಾತ್ರಿ ಒಂಬತ್ತಕ್ಕೆ ಬರುವ ಅವಳ ಫೋನು ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮೂರನೇ ದಿನ ಬಂತು. ಊಟ ಆತೇನು ಅಂತ ಕೇಳಿದಳು, ಎಂದಿನ ಹಾಗೆ.

ಆ ಎರಡು ದಿನ ನಾನು ಯೋಚನೆ ಮಾಡಿದ್ದು ಇದು. ಕೊಟ್ಟ ಮೇಲೆ ಹೊಳ್ಳಿ ನೋಡಬಾರದು ಅಂತ ಹೇಳಿದವಳಿಗೇ ಯಾಕೆ ನೋವಾಯ್ತು? ಅವಳ ಮಾತು ಸುಳ್ಳಾ? ನನಗೆ ಹಾಗನ್ನಿಸುವುದಿಲ್ಲ. ಕೌದಿ ಹೋದದ್ದಕ್ಕೆ ಅವಳಿಗೆ ಅಷ್ಟು ನೋವಾದ ಹಾಗಿರಲಿಲ್ಲ. ಅದನ್ನು ನಾನು ಒಂದು ದಿನವೂ ಹಾಸದೇ, ಹೊದೆಯದೇ ಇದ್ದದ್ದಕ್ಕೆ ನೋವಾಯ್ತು. ನಾಲ್ಕು ಜನ ನೋಡಿಯಾರು ಅಂತ ಮುಚ್ಚಿಟ್ಟದ್ದಕ್ಕೆ, ಎರಡು ಚಳಿಗಾಲ ಅವಳಿಗೆ ಸುಳ್ಳು ಹೇಳಿದ್ದಕ್ಕೆ. ಗೆಳೆಯನ ಮನೆಯ ನಾಯಿ ನನ್ನ ಕೌದಿಯನ್ನು ಕಡಿದು ಹಾಕಿರಬಹುದು, ಆದರೆ ನಾಚಿಕೊಂಡಿಲ್ಲ. ಅವನೂ ನಾಚಿಕೊಂಡಿಲ್ಲ. ಮನೆಗೆ ಬಂದವರ ಕಣ್ಣಿಗೆ ಬೀಳುವ ಜಾಗದಲ್ಲೇ ಅದನ್ನು ಹಾಸಿದ್ದಾನೆ. ಇಬ್ಬರಲ್ಲಿ ಕೊಟ್ಟದ್ದಕ್ಕೆ ಅಗೌರವ ಮಾಡಿದವನು ನಾನೇ.

ಅಂದರೆ ತಗೊಂಡವನಿಗೂ ಒಂದು ಜವಾಬ್ದಾರಿ ಇದೆ. ಜೋಪಾನ ಮಾಡುವುದು ಆ ಜವಾಬ್ದಾರಿ ಅಂತ ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಅಂತ ಒಂದು ಹಳ್ಳಿ. ಅಲ್ಲಿನ ಕಪ್ಪು ಹೆಂಗಸರು ಹೊಲದ ಕೆಲಸದ ಹಳೇ ಪ್ಯಾಂಟು, ಅಂಗಿಗಳನ್ನು ಕತ್ತರಿಸಿ ಮನೆಯವರ ಚಳಿಗೆ ಅಂತ ಹೊಲಿದ ಕ್ವಿಲ್ಟುಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ಗೋಡೆಗೆ ಏರಿದವು. 2006ರಲ್ಲಿ ಅವುಗಳ ಅಂಚೆ ಚೀಟಿಯೂ ಬಂತು. ಅದು ದೊಡ್ಡ ಗೌರವ, ಅವರಿಗೆ ಎಂದೋ ಸಿಗಬೇಕಾಗಿದ್ದದ್ದು. ಆದರೆ ಗೋಡೆಯ ಮೇಲಿನ ಕ್ವಿಲ್ಟನ್ನು ಯಾರೂ ಹೊದೆಯುವ ಹಾಗಿಲ್ಲ. ನಾವು ನೀವು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವ ಸಣ್ಣ ವಸ್ತುಗಳಿಗೆ ಆ ದಾರಿ ಬೇಡ. ಶೋಕೇಸಿನಲ್ಲಿಟ್ಟರೆ ಅದು ಕೊಟ್ಟವನ ನೆನಪಿನ ಫಲಕ ಆಗುತ್ತೆ. ಬಳಸಿದರೆ ತಗೊಂಡವನದ್ದಾಗುತ್ತೆ. ಸವೆಯುವಷ್ಟು ಬಳಸುವುದೇ ಅದನ್ನು ನಿಜವಾಗಿ ತಗೊಳ್ಳುವ ರೀತಿ.

ಬೇಡವಾದರೆ? ಬೇಡ ಅನ್ನಬೇಕು, ಅಥವಾ ಬೇಕಾದವರಿಗೆ ಕೊಟ್ಟುಬಿಡಬೇಕು. ನಾನು ಆ ಕೌದಿಯನ್ನು ಪಿಜಿಯ ಅಡುಗೆಯವನಿಗೆ ಕೈಯಾರೆ ಕೊಟ್ಟು ಬಂದಿದ್ದರೂ ಇವತ್ತು ಅವ್ವನಿಗೆ ಹೇಳೋಕೆ ಒಂದು ಉತ್ತರ ಇರುತ್ತಿತ್ತು.

ಕೊಡುವವನಿಗೂ ಜವಾಬ್ದಾರಿ ಇದೆ. ಕೈಯಿಂದ ಮಾಡಿದ ಉಡುಗೊರೆಯಲ್ಲಿ ಒಂದು ಬಲವಂತ ಇರುತ್ತೆ. ಅಷ್ಟು ಕಷ್ಟಪಟ್ಟು ಮಾಡಿದ್ದಾನೆ, ಬೇಡ ಅನ್ನೋದು ಹೇಗೆ ಅಂತ ಜನ ಸಂಕೋಚದಿಂದ ತಗೊಳ್ಳುತ್ತಾರೆ. ನನ್ನ ಟೇಬಲ್ ಮ್ಯಾಟುಗಳು ಟೇಬಲ್ಲೇ ಇಲ್ಲದ ಎರಡು ಮನೆಗಳಲ್ಲಿವೆ! ಈಗ ಹೊಲಿಯುವ ಮೊದಲು ಕೇಳುತ್ತೇನೆ. ನಿಮಗೇನು ಉಪಯೋಗಕ್ಕೆ ಬರುತ್ತೆ, ಯಾವ ಅಳತೆ, ವಾಷಿಂಗ್ ಮೆಷಿನ್ನಿಗೆ ಹಾಕುತ್ತೀರಾ? ಸರ್‌ಪ್ರೈಸ್ ಇರೋದಿಲ್ಲ, ನಿಜ. ಮೂಲೆಯಲ್ಲಿ ಅಕ್ಷರ ಹೊಲಿಯುವುದನ್ನೂ ಬಿಟ್ಟಿದ್ದೇನೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಕೌದಿಯ ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೂವು ಅಂತ ಇಡುತ್ತಾರೆ, ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅಂತ ಅವರ ನಂಬಿಕೆ. ನಾನೂ ಈಗ ಮೂಲೆಗೆ ಅಂಥದ್ದೇ ಒಂದು ಹೂವು ಇಡುತ್ತೇನೆ.

ಇಷ್ಟಾದರೂ ನೋವಾಗುವುದಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಕೈಯಾರೆ ಮಾಡಿದ್ದು ಹರಿದಾಗ ಕರುಳು ಚುರ್ ಅನ್ನೋದು ಸಹಜ, ಅದನ್ನು ತಡೆಯೋಕೆ ಆಗಲ್ಲ. ಆ ಚುರ್ ಅನ್ನುವುದನ್ನು ಬಿಲ್ ಮಾಡಿ ಇನ್ನೊಬ್ಬರಿಗೆ ಕಳಿಸದೇ ಇರುವುದಷ್ಟೇ ನಮ್ಮ ಕೈಲಿರೋದು. ಗೆಳೆಯನಿಗೆ ನಾನು ಆ ಕೌದಿಯ ಬಗ್ಗೆ ಇವತ್ತಿನವರೆಗೂ ಕೇಳಿಲ್ಲ. ಮಗು ಎಷ್ಟು ದಿನ ಅದರ ಮೇಲೆ ಮಲಗಿತ್ತು, ನಾಯಿಗೆ ಯಾರು ಹಾಕಿದರು, ಗೊತ್ತಿಲ್ಲ. ಕೇಳಬೇಕು ಅಂತ ಎಷ್ಟೋ ಸಲ ಅನಿಸಿದೆ. ಕೇಳಿದರೆ ಅದು ವಿಚಾರಣೆಯಾಗುತ್ತೆ ಅಂತ ಸುಮ್ಮನಿದ್ದೇನೆ.

ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಅವ್ವ ನನಗೆ ಇನ್ನೊಂದು ಕೌದಿ ಕೊಡುವ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ. ರಾತ್ರಿ ಹೊದೆಯೋಕೆ ಮನೆಯದೇ ಒಂದು ಹಳೇ ಕೌದಿ ಹಾಕಿದಳು.

ಬೆಳಿಗ್ಗೆ ಅಂಗಳಕ್ಕೆ ಬಂದರೆ ಟ್ರ್ಯಾಕ್ಟರ್ ಸೀಟಿನ ಮೇಲೆ ನನ್ನ ಮೊದಲ ತುಂಡು ಕಾಣಿಸಿತು, ಲಿಂಬೆಹಣ್ಣಿನ ಉಬ್ಬಿನದು. ಅವ್ವನಿಗೆ ಅಂತ ಕೊಟ್ಟದ್ದನ್ನು ಅಪ್ಪ ಸುತ್ತಲೂ ಸುತಳಿ ಹಾಕಿ ಸೀಟಿಗೆ ಬಿಗಿದು ಕಟ್ಟಿಕೊಂಡಿದ್ದ. ಗ್ರೀಸು, ಡೀಸೆಲ್ಲು, ಮಣ್ಣು. ಮೂಲ ಬಣ್ಣ ಯಾವುದು ಅಂತ ನನಗೂ ನೆನಪಾಗಲಿಲ್ಲ. ಒಂದು ಬದಿ ಪೂರ್ತಿ ಹರಿದು ಒಳಗಿನ ಪದರ ಕಾಣುತ್ತಿತ್ತು. ಚುರ್ ಅಂತು.

ಹಿಂದಿನಿಂದ ಅಪ್ಪ ಬಂದ. ನಾನು ಅದನ್ನೇ ನೋಡುತ್ತಿರುವುದನ್ನು ನೋಡಿ, "ಅದು ಹರದೈತಿ. ಮುಂದ ಬರೂವಾಗ ಇನ್ನೊಂದ್ ಹೊಲ್ಕೊಂಡ್ ಬಾ. ಇದಕ್ಕಿಂತ ಜರಾ ದಪ್ಪ ಇರ್ಲಿ" ಅಂದ.

ಒಳಗಿನಿಂದ ಅವ್ವ ಟ್ರಂಕು ತೆಗೆಯುವ ಸಪ್ಪಳ ಕೇಳಿಸಿತು.